ಸ್ಟೇರಿಂಗಿನ ಕೀಲು ಸವೆದರೆ ಕನ್ನಡದಲ್ಲೇ ಕೇಳಿ!

ಕನ್ನಡದ ತರುಣರೇ,

ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ದುಡಿದು ಕಾರು ಕೊಂಡಿದ್ದೀರಿ. ಸಂತೋಷ. ಜಾತ್ರೆ, ಮದುವೆ ಎಂದರೆ ಅಪ್ಪ ಅವ್ವನನ್ನು ಕೂರಿಸಿಕೊಂಡು ನವಲಗುಂದಕ್ಕೋ ಕುಂದಗೋಳಕ್ಕೋ ಹೊರಡುತ್ತೀರಿ. ಹೊರಡುವ ಮೊದಲು ಗಾಜು ಒರೆಸುತ್ತೀರಿ, ಹಾಡು ಹಚ್ಚುತ್ತೀರಿ. ಆದರೆ ಮುಂದಿನ ಚಕ್ರಗಳನ್ನು ಹಿಡಿದು ಒಮ್ಮೆಯಾದರೂ ಅಲುಗಿಸಿ ನೋಡಿದ್ದೀರಾ?

ಸ್ಟೇರಿಂಗಿಗೂ ಚಕ್ರಕ್ಕೂ ನಡುವೆ ಒಂದು ಕಬ್ಬಿಣದ ಸರಳಿದೆ. ಅದು ಟೈ ರಾಡ್. ಅದರ ತುದಿಯಲ್ಲಿ ಬಟ್ಟಲೊಳಗೆ ಕೂತ ಗುಂಡು, ನಮ್ಮ ಸೊಂಟದ ಕೀಲಿನ ಹಾಗೆ. ಅದೇ ಟೈ ರಾಡ್ ಎಂಡ್. ಒಳಗೆ ಗ್ರೀಸು, ಮೇಲೆ ರಬ್ಬರಿನ ಟೊಪ್ಪಿಗೆ. ಟೊಪ್ಪಿಗೆ ಹರಿದರೆ ಗ್ರೀಸು ಹೊರಗೆ, ಮಣ್ಣು ಒಳಗೆ! ಆಮೇಲೆ ಗುಂಡು ಸವೆಯುತ್ತದೆ. ಸವೆತ ಮಿತಿಮೀರಿದರೆ ಕೀಲು ಕಳಚಿಕೊಳ್ಳುತ್ತದೆ. ಆಗ ಸ್ಟೇರಿಂಗು ನಿಮ್ಮ ಕೈಯಲ್ಲಿ, ಚಕ್ರ ಅದರ ಪಾಡಿಗೆ.

ನಮ್ಮ ಸೀಮೆಯ ನೆಲವೂ ಈ ಕೀಲಿಗೆ ವೈರಿ. ನವಲಗುಂದ, ಅಣ್ಣಿಗೇರಿಯದು ಕರಿ ಎರಿ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಮೇಲಿನ ಡಾಂಬರು ಅದರೊಡನೆ ಏಳುತ್ತದೆ, ಕುಸಿಯುತ್ತದೆ. ರಸ್ತೆ ಅಲೆಅಲೆಯಾಗುತ್ತದೆ, ಪ್ರತಿ ಅಲೆಯ ಹೊಡೆತ ಕೀಲಿಗೇ. ಹಸಿ ಎರಿ ಚಕ್ರದ ಒಳಮಗ್ಗುಲಿಗೆ ಮೆತ್ತಿ ಒಣಗಿದರೆ ರಬ್ಬರು ಹರಿದದ್ದು ಕಣ್ಣಿಗೇ ಬೀಳುವುದಿಲ್ಲ. ಕಲಘಟಗಿಯತ್ತ ಹೋದರೆ ಮಲೆನಾಡಿನ ಸೆರಗು, ಮಳೆ ಹೆಚ್ಚು. ಅಲ್ಲಿ ಹರಿದ ರಬ್ಬರಿನೊಳಗೆ ನೀರು ನುಗ್ಗಿ ತುಕ್ಕು.

ಪರೀಕ್ಷೆಗೆ ಇಂಗ್ಲಿಷ್ ಪದವಿ ಬೇಕಿಲ್ಲ. ಕಾರು ಒಂದು ಕಡೆ ಎಳೆಯುತ್ತಿದೆಯೇ? ತಗ್ಗಿನಲ್ಲಿ ಇಳಿದಾಗ ಮುಂದೆ ಕಟಕಟ ಸದ್ದೇ? ಟೈರಿನ ಒಂದೇ ಅಂಚು ಗರಗಸದ ಹಲ್ಲಿನಂತೆ ಸವೆದಿದೆಯೇ? ಅನುಮಾನ ಪಡಿ. ಸಮತಟ್ಟು ನೆಲದಲ್ಲಿ ಹಿಂದಿನ ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು, ಮುಂದಿನ ಚಕ್ರವನ್ನು ಜಾಕಿನಿಂದ ಎತ್ತಿ, ಗಟ್ಟಿ ಸ್ಟ್ಯಾಂಡು ಇಡಿ. ಬರೀ ಜಾಕನ್ನು ನಂಬಿ ಕೆಳಗೆ ತೂರಬೇಡಿ, ಇಟ್ಟಿಗೆಯನ್ನಂತೂ ಇಡಲೇಬೇಡಿ. ಚಕ್ರವನ್ನು ಎಡಬಲಕ್ಕೆ, ಗಡಿಯಾರದ 9 ಮತ್ತು 3ರ ಜಾಗದಲ್ಲಿ, ಹಿಡಿದು ಜಗ್ಗಿ. ಅಲುಗಿದರೆ ಟೈ ರಾಡಿನ ಮೇಲೆ ಸಂಶಯ. 12 ಮತ್ತು 6ರಲ್ಲಿ ಹಿಡಿದಾಗಲೂ ಅಲುಗಿದರೆ ಬೇರಿಂಗನ್ನೋ ಬಾಲ್ ಜಾಯಿಂಟನ್ನೋ ನೋಡಬೇಕು. ಗೆಳೆಯನೊಬ್ಬ ಸ್ಟೇರಿಂಗನ್ನು ಚೂರುಚೂರೇ ಆಡಿಸಲಿ, ನೀವು ಕೀಲಿನ ಮೇಲೆ ಬೆರಳಿಡಿ. ಸವೆದ ಕೀಲು ಬೆರಳಿಗೇ ಹೇಳುತ್ತದೆ.

ಬದಲಿಸುವ ಕೆಲಸ ಮಿಸ್ತ್ರಿಯದು. ಆದರೆ ನಿಂತು ನೋಡುವ ಕೆಲಸ ನಿಮ್ಮದು! ಹಳೆಯದನ್ನು ಬಿಚ್ಚುವ ಮೊದಲು ಗುರುತು ಹಾಕಿ, ಎಷ್ಟು ಸುತ್ತಿಗೆ ಬಿಚ್ಚಿ ಬಂತೆಂದು ಎಣಿಸಬೇಕು. ಹೊಸದನ್ನು ಅಷ್ಟೇ ಸುತ್ತು ತಿರುಗಿಸಬೇಕು. ನಟ್ಟಿನಲ್ಲಿ ಕಾಟರ್ ಪಿನ್ ಇದ್ದರೆ ಹೊಸ ಪಿನ್ನೇ ಬೀಳಬೇಕು. ತೂತು ಕೂಡದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿ ಮಾಡಬೇಕೇ ಹೊರತು ಸಡಿಲಿಸಬಾರದು. ಸುತ್ತು ಎಣಿಸಿದ್ದು ಗ್ಯಾರೇಜಿನಿಂದ ಹೊರಗೆ ಹೋಗುವ ಮಟ್ಟಿಗೆ ಮಾತ್ರ. ಮುಂದಿನ ಕೆಲಸ ವ್ಹೀಲ್ ಅಲೈನ್‌ಮೆಂಟ್. ಅದನ್ನು ಬಿಟ್ಟರೆ ಹೊಸ ಟೈರು ಕೆಲವೇ ತಿಂಗಳಲ್ಲಿ ಬೋಳು.

ಈಗ ಅಸಲು ಮಾತು. ಇದರಲ್ಲಿ ಕನ್ನಡಕ್ಕೆ ಹೊಸದೇನಿದೆ? ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕಿದವರು ನಮ್ಮ ಅಜ್ಜಂದಿರು. ಕಡಾಣಿ ಬಿದ್ದರೆ ಗಾಲಿ ಕಳಚುತ್ತದೆಂದು ಓದು ಬಾರದ ಒಕ್ಕಲಿಗನಿಗೂ ಗೊತ್ತಿತ್ತು. ಕಾಟರ್ ಪಿನ್ನಿನ ಕೆಲಸವೂ ಕಡಾಣಿಯದೇ! ಅಜ್ಜನಿಗೆ ಗೊತ್ತಿದ್ದದ್ದು ಮೊಮ್ಮಗನಿಗೆ ಗೊತ್ತಿಲ್ಲ. ಯಾಕೆ? ಕಾರಿನ ಕೈಪಿಡಿ ಇಂಗ್ಲಿಷಿನಲ್ಲಿ, ಬಿಲ್ಲು ಇಂಗ್ಲಿಷಿನಲ್ಲಿ. ತಿಳಿಯದ ಭಾಷೆಯ ಬಿಲ್ಲಿಗೆ ಪ್ರಶ್ನೆ ಹಾಕಲು ನಾಚಿಕೆ. ಆ ನಾಚಿಕೆಗೇ ಬೆಲೆ ಕಟ್ಟುವವರು ಇದ್ದಾರೆ. ತುದಿಯ ಕೀಲೊಂದು ಸವೆದಿದ್ದರೆ ಇಡೀ ಸ್ಟೇರಿಂಗ್ ರ್‍ಯಾಕ್ ಹೋಗಿದೆ ಎಂದರೂ ತಲೆಯಾಡಿಸುತ್ತೇವೆ.

ಕಾನೂನು ನಿಮ್ಮ ಕಡೆಗಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮ ಓದಿ. ಸ್ಟೇರಿಂಗಿನ ಸಡಿಲು 30 ಡಿಗ್ರಿ ಮೀರಬಾರದು. ಅಂದರೆ ಗಡಿಯಾರದ 12ರಿಂದ 1ರವರೆಗಿನ ಅಂತರ. ಇದು ಕಾನೂನಿನ ಕೊನೆಯ ಗೆರೆ. ಒಳ್ಳೆಯ ಕಾರಿನಲ್ಲಿ ಸಡಿಲು ಇದರ ಹತ್ತಿರಕ್ಕೂ ಬರುವುದಿಲ್ಲ. ಕೀಲುಗಳ ಮೇಲೆ ರಬ್ಬರಿನ ಟೊಪ್ಪಿಗೆ ಇರಲೇಬೇಕು, ಬೋಲ್ಟು ಪಿನ್ನುಗಳು ಕಳಚದಂತೆ ಭದ್ರವಾಗಿರಬೇಕು ಎಂದೂ ಅದೇ ನಿಯಮ ಹೇಳುತ್ತದೆ. ಇಷ್ಟು ಸಣ್ಣ ಮಾತನ್ನು ಕನ್ನಡದಲ್ಲಿ ಬರೆದು ಚಾಲನಾ ಪರವಾನಗಿಯ ಜೊತೆ ಕೊಟ್ಟರೆ ಸರಕಾರದ ಗಂಟೇನು ಹೋಗುತ್ತದೆ? ಕನ್ನಡಿಗರಿಗೆ ಕಾರು ಮಾರುವ ಕಂಪನಿ ಕನ್ನಡದಲ್ಲಿ ಕೈಪಿಡಿ ಕೊಡಲು ಏನು ಅಡ್ಡಿ? ಭಾಷೆಯ ಹಕ್ಕೆಂದರೆ ಬೋರ್ಡಿಗೆ ಬಣ್ಣ ಬಳಿಯುವುದಷ್ಟೇ ಅಲ್ಲ. ಜೀವ ಉಳಿಸುವ ತಿಳುವಳಿಕೆ ನಮ್ಮ ನುಡಿಯಲ್ಲಿ ಸಿಗಬೇಕು.

ಅವರು ಕೊಡುವ ತನಕ ಕಾಯಬೇಡಿ. ನಿಮ್ಮೂರ ಬಸ್ ನಿಲ್ದಾಣದ ಹಿಂದೆ ಕೈಗೆ ಗ್ರೀಸು ಮೆತ್ತಿಕೊಂಡು ಕೂತ ಮಿಸ್ತ್ರಿ ಇದನ್ನೆಲ್ಲ ಅಚ್ಚಗನ್ನಡದಲ್ಲೇ ಬಲ್ಲ. ಮುಂದಿನ ಸಲ ಎದೆಯುಬ್ಬಿಸಿ ಕೇಳಿ: “ಮಿಸ್ತ್ರಿ, ಸವೆದದ್ದು ಎಲ್ಲಿ ಅಂತ ತೋರಸ್ರಿ. ಹಳೇದು ತಗದು ನನ್ನ ಕೈಯಾಗ ಕೊಡ್ರಿ. ಬಿಲ್ಲು ಕನ್ನಡದಾಗ ಬರೀರಿ.” ಒಳ್ಳೆಯ ಮಿಸ್ತ್ರಿ ಖುಷಿಯಿಂದ ತೋರಿಸುತ್ತಾನೆ. ಮುಖ ಸಿಂಡರಿಸುವವನ ಕೈಗೆ ಮತ್ತೆ ಕಾರು ಕೊಡಬೇಡಿ!