ಟಯರಿನ ಲೈಟ್ ಆರಿಸುವ ವೀರರಿಗೆ

ಈ ವಾರ ಮೂರು ಜನ ನನಗೆ ಒಂದೇ ವಿಡಿಯೋ ಕಳಿಸಿದ್ದೀರಿ. ಕಾರಿನ ಟಯರ್ ಪ್ರೆಷರ್ ಲೈಟನ್ನು ಹತ್ತು ಸೆಕೆಂಡಿನಲ್ಲಿ ಆರಿಸುವುದು ಹೇಗೆ ಅಂತ. ಸೆಟ್ ಬಟನ್ ಒತ್ತಿ ಹಿಡಿಯಿರಿ, ಲೈಟ್ ಮಾಯ! ಇಡೀ ವಿಡಿಯೋದಲ್ಲಿ ಆ ಮನುಷ್ಯ ಒಂದು ಸಲವೂ ಬಗ್ಗಿ ಟಯರ್ ನೋಡುವುದಿಲ್ಲ ಮಾರಾಯ್ರೇ. ಹಾಗಾಗಿ ಇವತ್ತು ಇಂಗ್ಲೆಂಡಿನ ಕಥೆ ಇಲ್ಲ, ಜಗಳ ಮಾತ್ರ.

ಆ ಬಟನ್ ಏನು ಮಾಡುತ್ತದೆ ಗೊತ್ತುಂಟಾ? ಎಷ್ಟೋ ಕಾರುಗಳಲ್ಲಿ ಟಯರಿನೊಳಗೆ ಗಾಳಿ ಅಳೆಯುವ ಸೆನ್ಸರೇ ಇರುವುದಿಲ್ಲ. ಎಬಿಎಸ್ ಸೆನ್ಸರ್ ಚಕ್ರದ ವೇಗ ನೋಡುತ್ತದೆ. ಗಾಳಿ ಇಳಿದ ಟಯರ್ ತುಸು ಸಣ್ಣದಾಗಿ ಉಳಿದವಕ್ಕಿಂತ ಜೋರು ತಿರುಗುತ್ತದೆ, ಆಗ ಲೈಟ್ ಬರುತ್ತದೆ. ಸೆಟ್ ಒತ್ತಿದರೆ "ಈಗ ಹೇಗುಂಟೋ ಅದೇ ಸರಿ" ಅಂತ ನೀವು ಕಾರಿಗೆ ಹೇಳಿಕೊಟ್ಟ ಹಾಗೆ. ಇಳಿದ ಗಾಳಿಯೇ ಅದಕ್ಕೆ ಹೊಸ ಲೆಕ್ಕ. ಅದಕ್ಕಿಂತಲೂ ಇಳಿದ ಮೇಲೆಯೇ ಮತ್ತೆ ಎಚ್ಚರಿಕೆ. ರೋಗಿಯ ಆಕ್ಸಿಜನ್ 85ಕ್ಕೆ ಇಳಿದು ಮಾನಿಟರ್ ಕೂಗುವಾಗ, ಅಲಾರಂ ಮಿತಿಯನ್ನು 80ಕ್ಕೆ ಇಳಿಸಿ ಚಹಾ ಕುಡಿಯಲು ಹೋದ ಹಾಗಾಯಿತು. ನಾನು ಹಾಗೆ ಮಾಡಿದರೆ ಕೆಲಸ ಹೋಗುತ್ತದೆ. ಗ್ಯಾರೇಜಿನವ ಮಾಡಿದರೆ ದುಡ್ಡು ಕೊಟ್ಟು ಬರುತ್ತೇವೆ. ನನ್ನ ಜೊತೆ ಕೆಲಸ ಮಾಡುವವಳು ಇಲ್ಲಿ ಹದಿನೈದು ಪೌಂಡ್ ಕೊಟ್ಟು ಲೈಟ್ ಆರಿಸಿಕೊಂಡು ಬಂದಳು. ಗೇಜ್ ಹಿಡಿದು ನೋಡಿದರೆ ಹಿಂದಿನ ಎಡ ಟಯರಿನಲ್ಲಿ 22 ಪಿಎಸ್‌ಐ. ಮೊಳೆ ಅಲ್ಲೇ ಇತ್ತು.

"ಚಳಿಗೆ ಸುಮ್ಮನೆ ಬರ್ತದೆ, ಸ್ವಲ್ಪ ಓಡಿಸಿದ್ರೆ ಹೋಗ್ತದೆ" ಅನ್ನುವವರೂ ಇದ್ದೀರಿ. ಚಳಿಗೆ ಗಾಳಿ ನಿಜವಾಗಿಯೂ ಇಳಿಯುತ್ತದೆ, 10 ಡಿಗ್ರಿಗೆ ಸುಮಾರು ಒಂದೂವರೆ ಪಿಎಸ್‌ಐ. ಓಡಿ ಬಿಸಿಯಾದಾಗ ಏರುತ್ತದೆ, ನಿಲ್ಲಿಸಿದರೆ ಮತ್ತೆ ಇಳಿಯುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ನುಂಗಿ "ಗುಣ ಆಯ್ತು" ಅನ್ನುವವರೂ ನೀವೇ ಅಲ್ವಾ.

ಈ ಲೈಟ್ ಕಂಪನಿಯವರ ಶೋಕಿ ಅಲ್ಲ. ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್‌ನ ಫೈರ್‌ಸ್ಟೋನ್ ಟಯರುಗಳು ಕಿತ್ತುಬಂದು ಜನ ಸತ್ತ ಮೇಲೆ 2000ದಲ್ಲಿ ಕಾನೂನು ಬಂತು. ಯುರೋಪಿನಲ್ಲಿ 2014ರ ನವೆಂಬರಿನಿಂದ ಎಲ್ಲ ಹೊಸ ಕಾರಿಗೂ ಕಡ್ಡಾಯ.

ಭಾವ, ನಿಮಗೇ ಹೇಳುವುದು. ಮುಂದಿನ ವಾರ ಅಮ್ಮನನ್ನು, ಮಕ್ಕಳನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಇಳಿಯುವವರು ನೀವು. ಗಾಳಿ ಕಮ್ಮಿ ಇದ್ದರೆ ಟಯರಿನ ಬದಿ ಬಾಗಿ ಬಾಗಿ ಬಿಸಿಯಾಗಿ ಒಡೆಯಬಹುದು. ಬಟನ್ ಮುಟ್ಟುವ ಮೊದಲು ಬೆಳಿಗ್ಗೆ, ಗಾಡಿ ಓಡಿಸದೆ ತಣ್ಣಗಿರುವಾಗ ಗಾಳಿ ಅಳೆಸಿ. ಎಷ್ಟು ಬೇಕು ಅಂತ ಡ್ರೈವರ್ ಬಾಗಿಲು ತೆರೆದರೆ ಅಲ್ಲೇ ಸ್ಟಿಕ್ಕರಿನಲ್ಲಿ ಉಂಟು, ಫುಲ್ ಲೋಡಿಗೆ ಬೇರೆ ನಂಬರ್ ಇದ್ದರೆ ಅದನ್ನೇ ನೋಡಿ. ಟಯರಿನ ಮೇಲೆ ಬರೆದದ್ದು ಅದು ತಡೆಯುವ ಗರಿಷ್ಠ, ಅಷ್ಟು ತುಂಬಿಸಬೇಡಿ. ತುಂಬಿಸಿದ ಮೇಲೆ ಸೆಟ್ ಒತ್ತಿ, ಆಗ ನನ್ನ ತಕರಾರಿಲ್ಲ. ವಾರದೊಳಗೆ ಲೈಟ್ ಮತ್ತೆ ಬಂದರೆ ಪಂಕ್ಚರ್ ಅಂಗಡಿಗೇ ಹೋಗಿ. ಕಾರು ಸ್ಟಾರ್ಟ್ ಮಾಡಿದಾಗ ಒಂದು ನಿಮಿಷ ಮಿಣುಕಿ ಆಮೇಲೆ ಉರಿದರೆ ಸಾಮಾನ್ಯವಾಗಿ ಸಿಸ್ಟಮ್ಮೇ ಕೆಟ್ಟಿದೆ ಅಂತ. ಟಯರಿನೊಳಗೆ ಸೆನ್ಸರ್ ಇರುವ ಕಾರಾದರೆ ಅದರ ಬ್ಯಾಟರಿ ಮುಗಿದಿರಬಹುದು.

ಹಾಂ, ಸ್ಟೆಪ್ನಿಯ ಗಾಳಿಯನ್ನೂ ನೋಡಿಸಿ. ಹೆಚ್ಚಿನ ಕಾರುಗಳಲ್ಲಿ ಅದಕ್ಕೆ ಲೈಟೇ ಇಲ್ಲ.