ಬಿಡಿಭಾಗಕ್ಕಾಗಿ ಕಾದು ನಿಂತ ವಿಮಾನ

2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಸಂಸ್ಥೆ ಹಾರಾಟ ನಿಲ್ಲಿಸಿದಾಗ ಅದರ ಸುಮಾರು ಅರ್ಧದಷ್ಟು ವಿಮಾನಗಳು ಎಂಜಿನ್ನಿಗಾಗಿ ಕಾಯುತ್ತ ನೆಲದ ಮೇಲೆಯೇ ಇದ್ದವು. ಸಾವಿರಾರು ನೌಕರರು ಬೀದಿಗೆ ಬಿದ್ದರು. ತಯಾರಿಕೆಯಲ್ಲಿಯೇ ದೋಷವಿದ್ದರೆ ಯಾವ ಯೋಜನೆಯೂ ಪೂರ್ತಿ ಕಾಯಲಾರದು, ಒಪ್ಪುತ್ತೇನೆ.

ಆದರೆ ವಿಮಾನದ ದುರಸ್ತಿಯಲ್ಲಿ ಬಹುಪಾಲು ಆಕಸ್ಮಿಕವಲ್ಲ. ಎಷ್ಟು ಗಂಟೆ ಹಾರಿದ ಮೇಲೆ, ಎಷ್ಟು ಸಲ ಇಳಿದ ಮೇಲೆ ಯಾವ ತಪಾಸಣೆ ಎಂಬುದು ಮೊದಲೇ ಗೊತ್ತಿರುತ್ತದೆ. ಹಾಗಿದ್ದೂ ವಿಮಾನ ಹ್ಯಾಂಗರಿಗೆ ಬಂದ ಮೇಲೆ ಬಿಡಿಭಾಗ ಹುಡುಕುವುದೆಂದರೆ ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಸಿಗದಿದ್ದರೆ ಪಕ್ಕದ ವಿಮಾನದಿಂದ ಕಳಚಿ ತರುತ್ತಾರೆ. ಕೆಲಸ ಇಮ್ಮಡಿಯಾಗುತ್ತದೆ, ಆ ವಿಮಾನವೂ ನಿಲ್ಲುತ್ತದೆ.

ಎಲ್ಲವನ್ನೂ ಕೊಂಡು ಉಗ್ರಾಣ ತುಂಬುವುದೂ ಪರಿಹಾರವಲ್ಲ. ಬೆಲೆ ವಿಪರೀತ, ರಬ್ಬರಿನ ಸೀಲು, ಅಂಟುಗಳಿಗೆ ಆಯುಷ್ಯದ ಮಿತಿಯೂ ಉಂಟು.

2024ರ ಜುಲೈಯಲ್ಲಿ ಕೇಂದ್ರ ಸರ್ಕಾರ ಆಮದು ಬಿಡಿಭಾಗಗಳ ಐಜಿಎಸ್‌ಟಿಯನ್ನು ಏಕರೂಪವಾಗಿ ಶೇ. 5ಕ್ಕೆ ತಂದಿತು. ಒಳ್ಳೆಯದೇ. ಅದರಿಂದ ಸರಕು ಅಗ್ಗವಾದೀತು, ಬೇಗ ಬಾರದು. ತಪಾಸಣೆಯ ವೇಳಾಪಟ್ಟಿ ಖರೀದಿ ವಿಭಾಗದ ಮೇಜಿಗೆ ತಿಂಗಳುಗಳ ಮೊದಲೇ ತಲುಪಬೇಕು. ಅಪರೂಪಕ್ಕೆ ಕೆಡುವ ದುಬಾರಿ ಭಾಗಗಳನ್ನಂತೂ ಸ್ಪರ್ಧಿ ಸಂಸ್ಥೆಗಳೂ ಒಂದೇ ಉಗ್ರಾಣದಲ್ಲಿಟ್ಟು ಹಂಚಿಕೊಳ್ಳಲಿ. ಜಗತ್ತಿನ ಅನೇಕ ವಿಮಾನ ಸಂಸ್ಥೆಗಳು ದಶಕಗಳಿಂದ ಹಾಗೆಯೇ ಮಾಡುತ್ತಿವೆ.