ಹೊಸ ಭಾಗ ಕೂಡಿಸಿದ ಗಣಕಯಂತ್ರ ಏಕೆ ಏಳಲಿಲ್ಲ?

ಗಣಕಯಂತ್ರಕ್ಕೆ ಹೊಸದೊಂದು ಭಾಗವನ್ನು ಕೂಡಿಸಿ, ಮುಚ್ಚಳ ಹಾಕಿ, ಗುಂಡಿಯನ್ನು ಒತ್ತಿದಾಗ ಅದು ಏಳದೆ ಹೋದರೆ, ನಮ್ಮ ಕಡೆಯ ಕಾಲೇಜುಗಳಲ್ಲಿ ಮೊದಲು ನಡೆಯುವ ಕೆಲಸವೆಂದರೆ ಹುಬ್ಬಳ್ಳಿಗೆ ಫೋನು ಮಾಡುವುದು. ಎರಡನೆಯದು, ಯಂತ್ರದ ಮೇಲೆ ಬಟ್ಟೆ ಹೊದಿಸಿ ದಾರಿ ಕಾಯುವುದು. ನವಲಗುಂದಕ್ಕೆ ಹುಬ್ಬಳ್ಳಿಯೇನು ದೂರದ ಊರಲ್ಲ. ಆದರೂ ರಿಪೇರಿಯವರು ಬರುವ ಹೊತ್ತಿಗೆ ಎರಡು ವಾರಗಳು ಕಳೆದಿರುತ್ತವೆ. ವಿದ್ಯಾರ್ಥಿಗಳ ಪ್ರಾಯೋಗಿಕ ತರಗತಿಗಳು ಅಷ್ಟರಮಟ್ಟಿಗೆ ಮುಳುಗಿರುತ್ತವೆ. ಯಂತ್ರ ಕೆಟ್ಟುದಕ್ಕಿಂತ ಈ ಕಾಯುವಿಕೆಯೇ ಹೆಚ್ಚಿನ ಹಾನಿಯೆಂದು ನಮಗೆ ತೋರುತ್ತದೆ. ಏಕೆಂಬುದನ್ನು ಹೇಳುವ ಮೊದಲು ನಮ್ಮ ಪ್ರಯೋಗಶಾಲೆಯಲ್ಲಿಯೇ ನಡೆದ ಸಂಗತಿಯೊಂದನ್ನು ವಾಚಕರ ಮುಂದಿಡುತ್ತೇವೆ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲವು ಮುಗಿಯಿತು. ಅದರ ಮುಂದಿನದಾದ ವಿಂಡೋಸ್ 11 ನಮ್ಮ ಹಳೆಯ ಯಂತ್ರಗಳಿಗೆ ಒಗ್ಗುವಂಥದಲ್ಲ. ಅವನ್ನು ಎಸೆಯುವ ಶಕ್ತಿ ನಮಗಿರಲಿಲ್ಲವಾದ್ದರಿಂದ ಮೊದಲು ರ‍್ಯಾಮ್ ಹೆಚ್ಚಿಸಿ, ಆಮೇಲೆ ಲಿನಕ್ಸ್ ಹಾಕುವುದೆಂದು ನಿಶ್ಚಯಿಸಿದೆವು. ಎರೆಮಣ್ಣಿನ ಸೀಮೆಯ ಧೂಳು ಎಂಥದೆಂಬುದು ಇಲ್ಲಿಯವರಿಗೆ ಹೇಳಬೇಕಾದುದಲ್ಲ. ಅದನ್ನು ತೆಗೆಯುವುದಕ್ಕೆಂದು ಹತ್ತೂ ಯಂತ್ರಗಳ ತಂತಿಗಳನ್ನು ಕಿತ್ತು ಎರಡು ದಿನ ಬಿಟ್ಟು, ಬಳಿಕ ಒಂದೊಂದಕ್ಕೂ 4 ಜಿಬಿಯ ಮತ್ತೊಂದು ರ‍್ಯಾಮ್ ಪಟ್ಟಿಯನ್ನು ಸೇರಿಸಿದೆವು. ಒಂಬತ್ತು ಯಂತ್ರಗಳು ಎದ್ದವು. ಹತ್ತನೆಯದು ಒಮ್ಮೆ ಬೀಪ್ ಎಂದು ಕೂಗಿ, ನೀಲಿ ಪರದೆಯನ್ನು ತೋರಿಸಿ, ಮತ್ತೆ ಮತ್ತೆ ತಾನಾಗಿ ಆರಿ ಹೊತ್ತಿಕೊಳ್ಳತೊಡಗಿತು.

ಹೊಸ ರ‍್ಯಾಮ್ ಕೆಟ್ಟಿದೆಯೆಂದು ಎಲ್ಲರೂ ಒಂದೇ ಬಾಯಿಯಿಂದ ಹೇಳಿದರು, ನಾವೂ ಹೇಳಿದೆವು. ಅದನ್ನು ತೆಗೆದು ನೋಡಿದರೆ ನೀಲಿ ಪರದೆ ಹಾಗೆಯೇ ಇದ್ದಿತು. ಆಗ ಫೋನಿನಲ್ಲಿಯೇ ರಿಪೇರಿಯವರೊಬ್ಬರು ಮದರ್‌ಬೋರ್ಡು ಹೋಗಿದೆಯೆಂದು ತೀರ್ಪು ಕೊಟ್ಟರು. ಹೊಸ ಬೋರ್ಡಿನ ಬೆಲೆ ಕೇಳಿ ನಾವು ಸುಮ್ಮನಾದೆವು. ಬಿ.ಎಸ್ಸಿ. ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಮಾತ್ರ ಸುಮ್ಮನಾಗಲಿಲ್ಲ. ಬಯಾಸ್ ಪುಟವನ್ನು ತೆರೆದು ನೋಡುತ್ತಿದ್ದವಳು, "ಸರ್, ಇದರಾಗ ತಾರೀಖು 2014ರದ್ದು ಐತ್ರಿ" ಎಂದಳು.

ಆ ಒಂದು ಮಾತಿನಲ್ಲಿ ಉತ್ತರವೆಲ್ಲ ಅಡಗಿದ್ದಿತು. ಬೋರ್ಡಿನ ಮೇಲೆ ನಾಣ್ಯದಂಥ ಲಿಥಿಯಂ ಕೋಶವೊಂದಿರುತ್ತದೆ. ಅದರ ಹೆಸರು ಸಿಆರ್2032. 20 ಮಿಲಿಮೀಟರ್ ವ್ಯಾಸ, 3.2 ಮಿಲಿಮೀಟರ್ ದಪ್ಪ ಎಂಬುದನ್ನು ಹೆಸರೇ ಹೇಳುತ್ತದೆ. ಮೂರು ವೋಲ್ಟಿನ ಈ ಕೋಶವು ಯಂತ್ರದ ಗಡಿಯಾರವನ್ನು ನಡೆಸುತ್ತದೆ. ಅಂಥ ಹಳೆಯ ಬೋರ್ಡುಗಳಲ್ಲಿ ನಾವು ಮಾಡಿಟ್ಟ ಏರ್ಪಾಡುಗಳ ನೆನಪನ್ನೂ ಕಾಯುತ್ತದೆ. ನಮ್ಮ ಕೋಶ ಎಂದೋ ಸತ್ತಿದ್ದಿತು. ಆದರೆ ಗೋಡೆಯ ವಿದ್ಯುತ್ತು ಇರುವ ತನಕ, ಯಂತ್ರವು ಆರಿಸಿದ್ದಾಗಲೂ, ಪವರ್ ಸಪ್ಲೈಯು 5 ವೋಲ್ಟಿನ ಸಣ್ಣದೊಂದು ಧಾರೆಯನ್ನು ಬೋರ್ಡಿಗೆ ಹರಿಸುತ್ತಲೇ ಇರುತ್ತದೆ. ನಮ್ಮ ಯುಪಿಎಸ್ಸನ್ನು ರಾತ್ರಿಯಲ್ಲಿಯೂ ಆರಿಸುವ ರೂಢಿಯಿಲ್ಲ. ಆದ್ದರಿಂದ ಕೋಶದ ಸಾವು ಯಾರಿಗೂ ತಿಳಿದಿರಲಿಲ್ಲ. ತಂತಿ ಕಿತ್ತ ಎರಡು ದಿನಗಳಲ್ಲಿ ಯಂತ್ರವು ಎಲ್ಲವನ್ನೂ ಮರೆತು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿತು. ಡಿಸ್ಕಿನೊಡನೆ ವ್ಯವಹರಿಸುವುದಕ್ಕೆ ಅದರಲ್ಲಿ ಎರಡು ಪದ್ಧತಿಗಳುಂಟು: ಹಳೆಯದಾದ ಐಡಿಇ, ಹೊಸದಾದ ಎಎಚ್‌ಸಿಐ. ವಿಂಡೋಸ್ ಅನ್ನು ಹಾಕಿದ್ದು ಎರಡನೆಯದರಲ್ಲಿ. ಮರೆವಿನ ಬಳಿಕ ಯಂತ್ರ ಹಿಡಿದದ್ದು ಮೊದಲನೆಯದನ್ನು. ತನ್ನ ಡಿಸ್ಕನ್ನೇ ಗುರುತಿಸಲಾರದೆ ವಿಂಡೋಸ್ ನೀಲಿ ಪರದೆಯನ್ನು ತೋರಿಸುತ್ತಿದ್ದಿತು. ಕೋಶವನ್ನು ಬದಲಿಸಿ, ಪದ್ಧತಿಯನ್ನು ತಿದ್ದಿ, ರ‍್ಯಾಮ್ ಪಟ್ಟಿಯನ್ನು ಮರಳಿ ಕೂಡಿಸಿದೆವು. ಯಂತ್ರ ಎದ್ದಿತು.

ಕಾಗೆ ಕೂತದ್ದಕ್ಕೂ ತಾಳೆಯ ಹಣ್ಣು ಬಿದ್ದುದಕ್ಕೂ ಸಂಬಂಧವಿಲ್ಲದಿರಬಹುದೆಂದು ನಮ್ಮ ಹಿರಿಯರು ಕಾಕತಾಲೀಯ ನ್ಯಾಯದಲ್ಲಿ ಹೇಳಿದ್ದುಂಟು. ಇಲ್ಲಿ ವಿಷಯ ಇನ್ನೂ ಸ್ವಲ್ಪ ಸೂಕ್ಷ್ಮವಾದುದು. ಹೊಸ ಭಾಗ ನಿರಪರಾಧಿ. ಆದರೆ ಅದನ್ನು ಕೂಡಿಸಲು ನಾವು ಮಾಡಿದ ಕೆಲಸ ನಿರಪರಾಧಿಯಲ್ಲ. ತಂತಿ ಕಿತ್ತದ್ದು, ಧೂಳು ಹೊಡೆದದ್ದು, ಕೈ ತಾಗಿ ಬೇರೊಂದು ಕೊಂಡಿ ಸಡಿಲಾದದ್ದು — ಇವೆಲ್ಲ ಬದಲಾವಣೆಗಳೇ. "ಏನು ಹೊಸದು?" ಎಂದು ಕೇಳುವುದಷ್ಟೇ ಸಾಲದು, "ಏನೇನು ಬದಲಾಯಿತು?" ಎಂದು ಕೇಳಬೇಕು. ಹಿಂದೆ ನಡೆಯುತ್ತಿದ್ದ ಸ್ಥಿತಿಗೆ ಮೊದಲು ಮರಳಿ, ಅಲ್ಲಿಂದ ಒಂದೊಂದನ್ನೇ ಬದಲಿಸುತ್ತ ಬರುವುದು ಭೌತವಿಜ್ಞಾನದ ಮೊದಲ ಪಾಠವಲ್ಲವೆ?

ಏಳುವ ಮುನ್ನ ಯಂತ್ರವು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ರ‍್ಯಾಮ್ ದೊರೆಯದಿದ್ದರೆ ಪರದೆಯ ಮೇಲೆ ಅಕ್ಷರ ಮೂಡಿಸುವ ಹಂತವೇ ಬಾರದು. ಆಗ ಅದಕ್ಕೆ ಉಳಿಯುವ ಭಾಷೆ ಧ್ವನಿಯೊಂದೇ. ಎಷ್ಟು ಸಲ ಕೂಗಿತು, ಉದ್ದವಾಗಿಯೋ ಗಿಡ್ಡವಾಗಿಯೋ ಎಂಬುದಕ್ಕೆ ಅರ್ಥವಿದೆ, ಅದು ತಯಾರಕರಿಂದ ತಯಾರಕರಿಗೆ ಬೇರೆ. ಹಲವು ಹೊಸ ಬೋರ್ಡುಗಳಲ್ಲಿ ಕೂಗಿನ ಬದಲು ಪುಟ್ಟ ದೀಪಗಳಿವೆ. ಇವನ್ನು ಗಮನಿಸದೆ ಗುಂಡಿಯನ್ನು ಹತ್ತು ಸಲ ಒತ್ತುವವರೇ ಹೆಚ್ಚು. ಇನ್ನೊಂದು ಆತುರವೂ ಉಂಟು. ಸವಾಯಿ ಗಂಧರ್ವರ ಊರಾದ ಕುಂದಗೋಳದವರಿಗೆ ಹೊಸ ತಂತಿ ಏರಿಸಿದ ತಂಬೂರಿಯನ್ನು ಕೂಡಲೆ ಹಾಡಿಗೆ ಹಿಡಿಯಲಾಗದೆಂಬುದು ಗೊತ್ತು. ಹೊಸ ರ‍್ಯಾಮನ್ನೂ ಬೋರ್ಡು ಹೀಗೆಯೇ ಶ್ರುತಿಮಾಡಿಕೊಳ್ಳುತ್ತದೆ. ಸಂಕೇತಗಳು ಯಾವ ಕ್ಷಣಕ್ಕೆ ಬಂದು ಮುಟ್ಟುತ್ತವೆಂಬುದನ್ನು ಅಳೆದು ಹೊಂದಿಸುತ್ತದೆ. ಡಿಡಿಆರ್5 ಜಾತಿಯದಾದರೆ ಮೊದಲ ಸಲ ಇದಕ್ಕೆ ಕೆಲವು ನಿಮಿಷಗಳೇ ಹಿಡಿಯುವುದುಂಟು. ಕಪ್ಪು ಪರದೆಯನ್ನು ಕಂಡು ಹೆದರಿ ನಡುವೆಯೇ ವಿದ್ಯುತ್ತನ್ನು ಆರಿಸಿದವರು, ಚೆನ್ನಾಗಿರುವ ಯಂತ್ರವನ್ನು ಕೆಟ್ಟಿತೆನ್ನುತ್ತಾರೆ.

ನಮ್ಮ ಸೀಮೆಯ ಬೇಸಿಗೆಯೂ ಒಂದು ಕಾರಣವಾಗಬಹುದು. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯ ಗಾಳಿಯಲ್ಲಿ ತೇವ ಹೆಚ್ಚು. ನವಲಗುಂದ, ಅಣ್ಣಿಗೇರಿಗಳ ಬಯಲಿನಲ್ಲಿ ಒಣಗಾಳಿ. ಒಣಗಾಳಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದವನ ಮೈಮೇಲೆ ಸ್ಥಿರವಿದ್ಯುತ್ತು ಕೂಡಿಕೊಳ್ಳುತ್ತದೆ. ಸುಮಾರು 3,000 ವೋಲ್ಟಿಗಿಂತ ಕೆಳಗಿನ ಕಿಡಿಯು ನಮ್ಮ ಬೆರಳಿಗೆ ಸಾಮಾನ್ಯವಾಗಿ ಗೊತ್ತೇ ಆಗದು. ಸೂಕ್ಷ್ಮವಾದ ಅರೆವಾಹಕ ಭಾಗಗಳಾದರೋ ಅದರ ಹತ್ತನೆಯ ಒಂದು ಪಾಲಿಗೂ ಹಾಳಾಗಬಲ್ಲವು. ರ‍್ಯಾಮ್ ಪಟ್ಟಿಯನ್ನು ಮುಟ್ಟುವ ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಬೇಕೆನ್ನುವುದು ಮೂಢಾಚಾರವಲ್ಲ. ವಿಭವಾಂತರವನ್ನು ಅಳಿಸುವ ಉಪಾಯ.

ಈಗ ನಮ್ಮ ಮುಖ್ಯ ಮಾತಿಗೆ ಬರೋಣ. ನಮ್ಮ ಪ್ರಯೋಗಶಾಲೆಗಳಲ್ಲಿ ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುವ ವಿದ್ಯಾರ್ಥಿಗೆ ಉತ್ತರವು 9.8 ಎಂದು ಮೊದಲೇ ಗೊತ್ತು. ಜರ್ನಲ್‌ನಲ್ಲಿ ಉತ್ತರವನ್ನು ಬರೆದುಕೊಂಡು, ಅದಕ್ಕೆ ಹೊಂದುವಂತೆ ಆಂದೋಲನಗಳನ್ನು ಎಣಿಸುವವರನ್ನು ನಾವು ವರ್ಷವೂ ಕಾಣುತ್ತೇವೆ. ಸತ್ಯ ಹೇಳಬೇಕೆಂದರೆ ನಾವೂ ಒಂದು ಕಾಲಕ್ಕೆ ಹಾಗೆಯೇ ಮಾಡಿದವರು. ಏಳದ ಗಣಕಯಂತ್ರವಾದರೋ ಉತ್ತರವು ಅಧ್ಯಾಪಕನಿಗೂ ಗೊತ್ತಿಲ್ಲದ ಪ್ರಯೋಗ. ಅಂಥದೊಂದು ತಾನಾಗಿಯೇ ಮೇಜಿನ ಮೇಲೆ ಬಂದು ಕುಳಿತಾಗ ಅದಕ್ಕೆ ಬಟ್ಟೆ ಹೊದಿಸಿ ಹುಬ್ಬಳ್ಳಿಯ ದಾರಿ ಕಾಯುವುದು ಎಂಥ ಅವಿವೇಕ!

ವಿದ್ಯಾರ್ಥಿಗಳ ಕೈಗೆ ಕೊಟ್ಟರೆ ಇನ್ನಷ್ಟು ಕೆಡುತ್ತದೆ, ವಾರಂಟಿ ಹೋಗುತ್ತದೆ ಎಂಬ ಆಕ್ಷೇಪಗಳನ್ನು ಕೇಳಿದ್ದೇವೆ. ಹತ್ತು ವರ್ಷದ ಯಂತ್ರಕ್ಕೆ ಎಲ್ಲಿಯ ವಾರಂಟಿ? ಅಪಾಯದ ಮಾತು ಮಾತ್ರ ನಿಜವಾದುದು, ಅದನ್ನು ಒಪ್ಪುತ್ತೇವೆ. ತಂತಿಯನ್ನು ಗೋಡೆಯಿಂದ ಕೀಳದೆ ಯಾರೂ ಒಳಗೆ ಕೈಯಿಡತಕ್ಕದ್ದಲ್ಲ. ಪವರ್ ಸಪ್ಲೈ ಎಂಬ ಲೋಹದ ಡಬ್ಬಿಯನ್ನಂತೂ ವಿದ್ಯಾರ್ಥಿಗಳು ಎಂದೂ ಬಿಚ್ಚಕೂಡದು: 230 ವೋಲ್ಟಿನ ಪರ್ಯಾಯ ವಿದ್ಯುತ್ತಿನ ಶಿಖರಮೌಲ್ಯ ಸುಮಾರು 325 ವೋಲ್ಟು, ಅಷ್ಟನ್ನು ತುಂಬಿಕೊಂಡ ಧಾರಕಗಳು ತಂತಿ ಕಿತ್ತ ಮೇಲೆಯೂ ಕೆಲಹೊತ್ತು ಅದನ್ನು ಹಿಡಿದಿರಬಲ್ಲವು. ಉಳಿದ ಕಡೆ 12 ವೋಲ್ಟನ್ನು ಮೀರಿದ್ದು ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ತಪ್ಪು ಮಾಡಿದರೆ ಹೋಗುವುದು ಭಾಗವೊಂದೇ.

ಈ ವರ್ಷದಿಂದ ನಮ್ಮ ಪ್ರಯೋಗಶಾಲೆಯಲ್ಲಿ ಒಂದು ಹಳೆಯ ಯಂತ್ರವನ್ನು ಮುಚ್ಚಳವಿಲ್ಲದೆ ಇಟ್ಟಿದ್ದೇವೆ. ಪಕ್ಕದಲ್ಲಿ ಮಲ್ಟಿಮೀಟರು, ಸ್ಕ್ರೂಡ್ರೈವರು, ಒಂದು ನೋಟುಪುಸ್ತಕ. ಬದಲಿಸಿದ್ದೇನು, ಕಂಡದ್ದೇನು ಎಂಬೆರಡೇ ಅಂಕಣಗಳು ಅದರಲ್ಲಿ. ಬದಲಿಸುವ ಮೊದಲೇ ಬರೆಯಬೇಕೆಂಬುದು ಕಟ್ಟಳೆ. ಹೋದ ವಾರ ಅದಕ್ಕೊಂದು ಎಸ್‌ಎಸ್‌ಡಿ ಕೂಡಿಸಿದ್ದಾರೆ. ಬೆಳಿಗ್ಗೆ ಮೊದಲ ಸಲ ಏಳುವುದಿಲ್ಲ, ಎರಡನೆಯ ಸಲ ಏಳುತ್ತದೆ; ಮಧ್ಯಾಹ್ನ ತೊಂದರೆಯೇ ಇಲ್ಲ. ಕಾರಣವಿನ್ನೂ ನಮಗೆ ಹೊಳೆದಿಲ್ಲ. ಬುಧವಾರದ ತಂಡದವರು ಹಳೆಯ ಪವರ್ ಸಪ್ಲೈಯ ಮೇಲೆ ಸಂಶಯಪಟ್ಟು, ಬೆಳಗಿನ ಉಷ್ಣತೆಯನ್ನೂ 12 ವೋಲ್ಟಿನ ತಂತಿಯ ಅಳತೆಯನ್ನೂ ದಿನವೂ ಬರೆದಿಡುತ್ತಿದ್ದಾರೆ.